ಮೇಕಪ್ಪಿಲ್ಲದ ಕೈ

ಶಿಡ್ಲಘಟ್ಟಕ್ಕೆ ಸಿನಿಮಾದವರು ಬಂದಾಗ
ಅವರಿಗೆ ಬೇಕಾಗಿದ್ದುದು ಒಂದು ಹಾಳು ಮನೆ,
ಹನ್ನೆರಡು ಕುಂಬಳಕಾಯಿ,
ಮತ್ತೆ ಒಂದು ದೆವ್ವ.
ಮಕ್ಕಳು ಬೆಚ್ಚಬೇಕು, ಚಡ್ಡಿ ಒದ್ದೆಯಾಗಬಾರದು,
ಅಷ್ಟು ಅಳತೆಯ ದೆವ್ವ.

ಹಾಳು ಮನೆಗೆ ಮುಚ್ಚಿಹೋದ ಫಿಲೇಚರು ಸಿಕ್ಕಿತು.
ಪಕ್ಕದ ಶೆಡ್ಡಿನಲ್ಲಿ ಗೂಡು ಬೇಯಿಸಿ
ನೂಲು ತೆಗೆಯುತ್ತ ಕೂತಿದ್ದ ನಮ್ಮಪ್ಪ ಸಿಕ್ಕಿದ.
‘ಹೆಸರೇನು?’
‘ಅಂಜಿನಪ್ಪ.’
ಡೈರೆಕ್ಟರು ಕುಣಿದೇಬಿಟ್ಟರು:
‘ಅಂಜಿದ್ದು ಸಾಕು, ಇನ್ನು ಅಂಜಿಸಪ್ಪ!’
ದಿನಕ್ಕೆ ಎಂಟುನೂರು, ಊಟ ಬೇರೆ.

ಕುಂಬಳಕಾಯಿಯದೇ ದೊಡ್ಡ ರಗಳೆ.
ಹೊರದೇಶದಲ್ಲಿ ಅದಕ್ಕೆ ಕಣ್ಣು, ಹಲ್ಲು ಕೊರೆದು
ಒಳಗೆ ದೀಪ ಇಡುತ್ತಾರಂತೆ, ದೆವ್ವದ ಹಬ್ಬವಂತೆ.
‘ಅದೇನು ಹೊಸದಾ?’ ಅಂದಳು ಅಮ್ಮ,
‘ನಾವು ಬೂದುಗುಂಬಳಕ್ಕೆ ಮೀಸೆ ಬರೆದು
ಹೊಸ ಮನೆಗೆ ಕಟ್ಟಲ್ವಾ?’
ಆದರೆ ಇಡೀ ಕಾಯಿಗೆ ಹೆಂಗಸು ಮೊದಲು ಚಾಕು ಹಾಕಬಾರದು.
ಸೆಟ್ಟಿನ ಹುಡುಗಿ ಚಾಕು ಎತ್ತಿದ್ದೇ ತಡ
ಅಜ್ಜಿ ಹಾರಿ ಹೋಗಿ ಕೈ ಹಿಡಿದು
ನನ್ನ ತಮ್ಮನಿಂದ ಹನ್ನೆರಡಕ್ಕೂ ಗೀರು ಹಾಕಿಸಿದಳು.
ಆಮೇಲೆ ವಾರವಿಡೀ ನಮ್ಮನೆಯಲ್ಲಿ
ದೆವ್ವದ ಕೆನ್ನೆಯ ಹುಳಿ, ದೆವ್ವದ ಹಣೆಯ ಪಲ್ಯ.

ದೆವ್ವದ ಪಾದ ಹಿಂದುಮುಂದು ಇರಬೇಕಲ್ಲ,
ಬೂಟು ತಿರುಗಿಸಿ ಕಟ್ಟಿದರು.
ಅಪ್ಪ ಮೂರು ಸಲ ಬಿದ್ದ.
ಮೂರನೆಯದು ಚೆನ್ನಾಗಿದೆಯೆಂದು ಹಾಗೇ ಇಟ್ಟುಕೊಂಡರು.
ಮುಖಕ್ಕೆ ಬಿಳಿ, ಕಣ್ಣ ಸುತ್ತ ಕಾಡಿಗೆ,
ಹಲ್ಲಿಗೆ ಇದ್ದಿಲು.
ಕೈಯ ಸರದಿ ಬಂದಾಗ ಮೇಕಪ್ಪಿನವನು
ತಿರುಗಿಸಿ ಮುರುಗಿಸಿ ನೋಡಿ
ಬ್ರಷ್ಷು ಕೆಳಗಿಟ್ಟ.
‘ಇದಕ್ಕೇನೂ ಬೇಡ.’

ಚಿಂತಾಮಣಿಯಲ್ಲಿ ಮ್ಯಾಟ್ನಿ.
ಬೀದಿಗೆ ಬೀದಿಯೇ ಬಸ್ಸು ಹತ್ತಿತ್ತು.
ಅಪ್ಪ ಮದುವೆಯ ಷರಟು ಹಾಕಿದ್ದ.
ಬೂಟಿನ ದೆವ್ವ ಬಿದ್ದಾಗ ಜನ ಹೊಟ್ಟೆ ಹಿಡಿದುಕೊಂಡರು.
ಆಮೇಲೆ ಪರದೆ ಕಪ್ಪಾಯಿತು.
ಬಾಗಿಲ ಸಂದಿಯಿಂದ
ಒಂದು ಕೈ.
ಬಿಳಿಚಿ, ನೀರಲ್ಲಿ ನೆನೆದ ಹೆಣದಂತೆ ಸುಕ್ಕಿ,
ತುದಿ ಒಡೆದ ಬೆರಳು, ಉಗುರು ಅರ್ಧಂಬರ್ಧ.

‘ವಾಮ್ಮೋ, ದೆಯ್ಯಮು!’
ಇಡೀ ಥಿಯೇಟರು ಒಂದೇ ಗಂಟಲಲ್ಲಿ.

ನಾನು ಕಿರುಚಲಿಲ್ಲ.
ಆ ಕೈ ಭಾನುವಾರ ನನ್ನ ತಲೆಗೆ ಹರಳೆಣ್ಣೆ ಹಚ್ಚುತ್ತದೆ.
ಬೆಂದ ಗೂಡಿನಲ್ಲಿ ಎಳೆಯ ತುದಿ ಹುಡುಕುವ ಹಾಗೆ
ಸಿಕ್ಕು ಬಿಡಿಸುತ್ತದೆ, ನೋಯಿಸದೆ.
ತಿರುಗಿ ನೋಡಿದೆ.
ಅಪ್ಪ ಎರಡೂ ಕೈ ತೊಡೆಯ ಕೆಳಗಿಟ್ಟು
ಅವುಗಳ ಮೇಲೆ ಕೂತುಬಿಟ್ಟಿದ್ದ.

ತಮ್ಮ ಸೀಟಿನ ಮೇಲೆ ನಿಂತ:
‘ಲೋ, ಅದು ನಮ್ಮಪ್ಪನ ಕೈ ಕಣ್ರೋ!’
ಹಿಂದಿನಿಂದ ಯಾರೋ:
‘ಹಂಗಾದ್ರೆ ಒಳಕ್ಕೆ ಎಳ್ಕೊಳ್ಳೋಕೆ ಹೇಳಪ್ಪಾ,
ನನ್ನ ಮಗು ಅಳ್ತಾ ಐತೆ!’

ಇಂಟರ್‌ವೆಲ್ಲಿನಲ್ಲಿ ಸಾಲು ಬೆಳೆಯಿತು.
ಪುಟ್ಟ ಪುಟ್ಟ ಮಕ್ಕಳು, ಬೆರಳಲ್ಲಿ ಬೋಟಿ ಸಿಕ್ಕಿಸಿಕೊಂಡು,
ದೆವ್ವದ ಕೈ ಮುಟ್ಟಬೇಕಂತೆ.
ಅಪ್ಪ ಮೊದಲು ಒಂದು ಬೆರಳು ಕೊಟ್ಟ,
ಆಮೇಲೆ ಇಡೀ ಕೈ.
ಒಬ್ಬಳು ಮುಟ್ಟಿ ಹೇಳಿದಳು: ‘ಬೆಚ್ಚಗೈತೆ.’

ಬಸ್ಸಿನಲ್ಲಿ ಅಜ್ಜಿಯದೊಂದೇ ಪ್ರಶ್ನೆ:
‘ದುಡ್ಡು ಪೂರ್ತಿ ಕೊಟ್ರೇನೋ?’
‘ಅರ್ಧ ಬಾಕಿ.’
‘ದೆವ್ವಕ್ಕೂ ಬಾಕಿ ನಿಲ್ಲಿಸ್ತಾರಲ್ಲೋ, ಧೈರ್ಯ ನೋಡು!’

ಆ ರಾತ್ರಿ ಎರಡು ಗಂಟೆಗೆ
ಯಾರೋ ಮೆಲ್ಲಗೆ ನನ್ನ ಭುಜ ತಟ್ಟಿದರು.
‘ಮಗಾ, ಹಿತ್ತಲಿಗೆ ಹೋಗಬೇಕು,
ಸ್ವಲ್ಪ ಟಾರ್ಚು ಹಿಡ್ಕೊಂಡು ನಿಂತ್ಕೋತೀಯಾ?’