ಹನ್ನೊಂದನೇ ಕಲಂ

ಇಲಾಖೆ ಕೊಟ್ಟ ಫಾರಮ್ಮಿನಲ್ಲಿ ಹದಿಮೂರು ಕಲಂ.
ನೇರ ಕಂಡದ್ದು, ಪರೋಕ್ಷ ಗುರುತು, ಗಂಡೋ ಹೆಣ್ಣೋ,
ಜೊತೆಗೆ ಮರಿ ಇತ್ತೇ, ಎಷ್ಟು ಗಜ ದೂರ.
ಹನ್ನೊಂದನೆಯದು: ಅಪರೂಪದ ಸಸ್ಯ, ಇದ್ದ ಜಾಗ.

ಜಗಳೂರಿನ ಜೀಪು ನಮ್ಮನ್ನು ಇಳಿಸಿ ಹೋದ ಮೇಲೆ
ರಂಗಯ್ಯನದುರ್ಗದ ಕಾಡಿನಲ್ಲಿ ಇಬ್ಬರೇ:
ಗುಡ್ಡ ಕಾಯುವ ಸಣ್ಣೋಬಯ್ಯ,
ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು.

ಪಾಠದ ಚಿತ್ರದಲ್ಲಿ ಕಾಡೆಂದರೆ
ಹಸಿರಿನ ಮೇಲೆ ಹಸಿರು, ಜಿಗಣೆ, ಜೌಗು,
ಮರದಿಂದ ಮರಕ್ಕೆ ಜೋತ ಬಳ್ಳಿ.
ಇಲ್ಲಿ ಕಮರ, ಕಾರೆ, ಬಂದರಿಕೆ,
ಸೊಂಟ ಮುಟ್ಟುವ ಬಾದೆ ಹುಲ್ಲು,
ಬಂಡೆಯ ಬೆನ್ನಿನಲ್ಲಿ ಇನ್ನೂ ಆರದ ನಿನ್ನೆಯ ಬಿಸಿಲು.

"ನೋಡಾಕೆ ಅಂತ ಬಂದ್ರೆ ಕಾಣಲ್ರೀ,
ಸುಮ್ಕಿದ್ರೆ ಕಾಣತೈತೆ."

ಮೊದಲು ಸಿಕ್ಕಿದ್ದು ಹಿಕ್ಕೆ.
ಒಂದೇ ಜಾಗದಲ್ಲಿ ರಾಶಿ, ಹಳತರ ಮೇಲೆ ಹೊಸತು.
"ಕೊಂಡುಕುರಿ ಮರ್ಯಾದಸ್ತ ಪ್ರಾಣಿ ಮೇಡಮ್ಮಾರೆ,
ದಿನಾ ಅಲ್ಲಿಗೇ ಬರತೈತೆ. ನಮ್ಮೂರ ಗಂಡಸರಂಗಲ್ಲ."
ನಗು ತಡೆದು ಬರೆದೆ: ತಾಜಾ.

ಬಂಡೆ ಸಂದಿನಲ್ಲಿ ಎಲೆಯೇ ಇಲ್ಲದ
ನಾಲ್ಕು ಏಣಿನ ಕಾಂಡ. ಮಂಗನಕೋಡು.
ಕಂದು ಹೂವಿಗೆ ಮೂಗು ಹಿಡಿದರೆ ಸತ್ತ ಇಲಿಯ ವಾಸನೆ;
ಒಳಗೊಂದು ನೊಣ, ಮೋಸ ಹೋಗಿಯೂ ಸಂತೋಷವಾಗಿ ಕೂತಿತ್ತು.
ಮಂಗನಿಗಿಲ್ಲದ ಕೋಡನ್ನು ಗಿಡಕ್ಕೆ ಕೊಟ್ಟದ್ದು ಯಾರು?
ಕುರಿಗೆ ಎರಡು ಹೆಚ್ಚಿಗೆ ಇಟ್ಟ ಕೈಯೇ ಇರಬೇಕು.

"ನಮ್ಮಜ್ಜ ಹೊಡೀತಿದ್ದ," ಎಂದ, ಕೇಳದೆಯೇ.
"ನಾಕು ಕೋಡಿನ ಬುರುಡೆ ಇವತ್ತಿಗೂ ಗೋಡೆ ಮ್ಯಾಲೈತೆ.
ಮುಂದಿನ ಮೋಟು ಎರಡಕ್ಕೆ ಬೀಗದ ಕೈ,
ಹಿಂದಿನವಕ್ಕೆ ನನ್ನ ಖಾಕಿ ಅಂಗಿ."
ಫಾರಮ್ಮಿನಲ್ಲಿ ಇದಕ್ಕೆ ಕಲಂ ಇರಲಿಲ್ಲ.

ಬಿಸಿಲೇರಿದಾಗ ಹಳ್ಳದ ದಂಡೆಯಲ್ಲಿ ಕೂತ.
ಮಳೆ ಕೊರೆದ ಮಣ್ಣಿನಿಂದ ಇಣುಕಿದ ಬೇರು,
ಮಗುವಿನ ಮುಂಗೈ ದಪ್ಪ.
ಉಗುರಿನಿಂದ ಕೆರೆದು, ಬೆರಳುದ್ದ ಮುರಿದು
ನನ್ನ ಅಂಗೈಗಿಟ್ಟ. ಮಾಕಳಿ!
ಅಜ್ಜಿಯ ಜಾಡಿ, ಹುಳಿ ಮಜ್ಜಿಗೆ,
ಮುಚ್ಚಳ ತೆಗೆದರೆ ಪಡಸಾಲೆ ದಾಟುತ್ತಿದ್ದ ಪರಿಮಳ.
ಇಷ್ಟು ವರ್ಷ ಉಂಡದ್ದರ ಬಳ್ಳಿಯನ್ನು
ಇವತ್ತೇ ನೋಡಿದ್ದು, ನಾನು, ಜೀವಶಾಸ್ತ್ರದವಳು.

ಪೆನ್ನು ತೆಗೆದೆ. ಹನ್ನೊಂದನೇ ಕಲಂ.
ಅವನು ಮಣ್ಣೆಳೆದು ಬೇರು ಮುಚ್ಚುತ್ತಿದ್ದ.
"ಬರಕಬ್ಯಾಡ್ರಿ."
ಆಚೆ ದಂಡೆಯಲ್ಲಿ ಸಾಲು ಗುಂಡಿ ತೋರಿಸಿದ,
ಹಲ್ಲು ಕಿತ್ತ ಒಸಡಿನಂಥವು.
"ಹಾರೆ ಹಿಡಕಂಡು ರಾತ್ರಿ ಬರತಾರೆ. ಕೇಜಿ ಲೆಕ್ಕ.
ನಿಮ್ಮ ಕಾಗದ ದಾವಣಗೇರಿಗೆ ಹೋಗತೈತೆ,
ಅಲ್ಲಿಂದ ಎಲ್ಲೆಲ್ಲಿಗೋ."

ಪೆನ್ನು ಗಾಳಿಯಲ್ಲೇ ನಿಂತಿತ್ತು.
ಆಗ ಬಂದರಿಕೆಯ ಮರೆಯಲ್ಲಿ ಒಂದು ಕಿವಿ ತಿರುಗಿತು.
ಒದ್ದೆ ಮೂಗು. ಮಣ್ಣಿಗಿಂತ ಒಂದು ಬಣ್ಣ ಹೆಚ್ಚು.
ಒಂದು, ಎರಡು, ಮೂರು,
ಅಷ್ಟರಲ್ಲಿ ಹುಲ್ಲು ಮುಚ್ಚಿಕೊಂಡಿತು.

ನೇರ ಕಂಡದ್ದು: ಒಂದು. ಗಂಡು. ನಲವತ್ತು ಗಜ.
ಮೂರು ಕೋಡು ನನ್ನ ಕಣ್ಣಿನದು,
ನಾಲ್ಕನೆಯದನ್ನು ಸಣ್ಣೋಬಯ್ಯನ ಗೋಡೆಯಿಂದ ಕಡ ತಂದೆ.
ಹನ್ನೊಂದಕ್ಕೆ ಅಡ್ಡಗೆರೆ ಎಳೆದೆ.

ಸಂಜೆ ಬಸ್ಸು. ಕಿಟಕಿಯಾಚೆ ಮೆಕ್ಕೆಜೋಳ ಒಣಗಿಸಿದ ರಸ್ತೆ.
ಬೇರನ್ನು ಅಲ್ಲೇ ಹೂತು ಬಂದಿದ್ದೆ,
ಹಳ್ಳದ ನೀರಲ್ಲಿ ಎರಡು ಸಲ ಕೈ ತೊಳೆದಿದ್ದೆ.
ಪಕ್ಕದ ಸೀಟಿನ ಹೆಂಗಸು ಮೂಗರಳಿಸಿ,
ನನ್ನ ಬ್ಯಾಗು ನೋಡಿ, ಮೆಲ್ಲಗೆ ಕೇಳಿದಳು:
"ಮಾಕಳಿ ಬೇರು ಅಲ್ಲೇನ್ರಿ?
ಎಲ್ಲಿ ಸಿಕ್ತು?"