ಮೂರನೇ ಟಾಕಿಯ ಬೆಸುಗಿ

ಯಾವುದು ಚಲೋ ಹೇಳು ದಾವಲಣ್ಣ, ಕೇಳ್ತಾರ ಶೆಡ್ಡಿನ ಹುಡುಗರು,
ಗೋಕುಲ ರೋಡಿಂದೋ, ಉಣಕಲ್ಲ ಕೆರೀ ಕಡೇದೋ, ಧಾರವಾಡದ್ದೋ.
ನಾ ಒಂದು ಹನಿ ಮುಟ್ಟಿದಾಂವಲ್ಲ.
ಖರೆ, ಮೂರೂ ಕಡೆ ಬಿಯರು ಮಲಗೋ ಹಾಸಿಗಿ
ಹಾಸಿದಾಂವ ನಾನು.
ತಾರಿಹಾಳದಾಗ, ಆರ್ಗಾನ್ ಸಿಲಿಂಡರು ಬಗಲಾಗ ನಿಂದರ್ಸಿಕೊಂಡು
ಹಾಲಿನ ಡೇರಿಗೆ ಹೊಲದ ಕೈಲೇನಽ ಇವನ್ನೂ ಹೊಲದೀನಿ.
ಸ್ಟೀಲಿಗೇನು ಗೊತ್ತು
ಒಳಗಿಂದು ಹಾಲೋ ಮತ್ತೊಂದೋ.

ಗೋಕುಲ ರೋಡಿಂದು ಟೈರಿನ ಶೋರೂಮಿನ ಮ್ಯಾಲೆ.
ಗಾಜಿನ ಗ್ವಾಡಿ, ಅದರ ಹಿಂದ ಆರು ಟಾಕಿ,
ಸಾಮೂಹಿಕ ಮದುವಿಯೊಳಗ ಕುಂತ ಮದಲಿಂಗರ ಸಾಲು.
ಹೊಳೀಬೇಕು, ಮಂದಿ ಸೆಲ್ಫಿ ತಗೋತಾರ, ಅಂದಿದ್ದ ಮಾಲಕ.
ಹೊಳಿಸಿ ಕೊಟ್ಟೆ, ಮೀಸಿ ತಿದ್ದಿಕೊಳ್ಳೂವಷ್ಟು.
ಈಗ ಟಾಕಿಗಿಂತ ಸ್ಪೀಕರು ದೊಡ್ಡವಾಗ್ಯಾವು.
ಹನ್ನೆರಡು ದಿನ ಮಲಗಬೇಕಾದ್ದನ್ನ ಎಂಟಕ್ಕಽ ಎಬ್ಬಿಸ್ತಾರ,
ಶನಿವಾರ ಬಂತಂತ.
ಮೌನೇಶ ಬಡಿಗೇರ ಅಂತ ಗೆಳ್ಯಾ, ಕುಡದು ಹೇಳೂದಕ್ಕ ಅಂವನಽ ನನ್ನ ನಾಲಿಗಿ:
"ಅರ್ಧಾ ನಿದ್ದಿಯೊಳಗ ಎಬ್ಬಿಸಿದ ಕೂಸಿನಂಗ ಐತೋ,
ಸಿಡಿಸಿಡಿ."

ಉಣಕಲ್ಲದ್ದು ಬ್ಯಾರೆ ಲೆಕ್ಕ.
ಅಲ್ಲಿ ಬಿಯರು ಮಾಡಾಕಿ ಗಂಗಾಂಬಿಕಾ ಹೊಂಬಳ,
ಮೈಕ್ರೋಬಯಾಲಜಿ ಓದಿದ ಹುಡುಗಿ.
ಮೊದಲನೇ ದಿನ ಟಾಕಿಯೊಳಗ ಇಳದು
ಬೆಸುಗಿ ಗುಂಟ ಉಗುರು ಎಳದು ನೋಡಿದ್ಲು.
ಎಲ್ಲೂ ತಡೀಲಿಲ್ಲ.
ಎದಿ ಉಬ್ಬಿತು ನನಗೂ, ಸುಳ್ಳ್ಯಾಕ.
ಮಾಲದಂಡಿ ಜ್ವಾಳದ್ದು ಮಾಡ್ತಾಳಂತ, ತಿಳೀ, ಬೆಳ್ಳಗ.
ಮೌನೇಶ ಎರಡು ಗ್ಲಾಸು ಇಳಿಸಿ ಸುಮ್ಮನ ಕೆರಿ ನೋಡಿದ.
"ತಪ್ಪು ಹುಡಕಿದೆ, ಸಿಗಲಿಲ್ಲಪಾ. ಅದಽ ಬ್ಯಾಸರ."

ಇನ್ನ ಧಾರವಾಡದ್ದು.
ಸಪ್ತಾಪುರದ ಹಿಂದ, ಮುಚ್ಚಿದ ಪ್ರಿಂಟಿಂಗ ಪ್ರೆಸ್ಸಿನ್ಯಾಗ.
ಮೂರಽ ಟಾಕಿ.
ಮೂರನೇದರ ಮುಚ್ಚಳಾ ಟ್ರಕ್ಕಿಗೆ ಹಾಕೂದು ಮರತು
ಮರುದಿನ ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಹೋಗಿದ್ದೆ.
ನವಲೂರು ದಾಟೂದಕ್ಕ ಜಿಟಿಜಿಟಿ ಹತ್ತಿತು.
ಬಾಜೂ ಕುಂತ ಮುದುಕಿ ಕೇಳಿದ್ಲು:
ಇಷ್ಟು ದೊಡ್ಡ ಗಡಗಿ ಯಾರ ಮನೀದೋ ತಮ್ಮಾ?
ಅಲ್ಲೆ ಮಂದಿ ಒಂದು ಗ್ಲಾಸು ಹಿಡದು ಮೂರು ತಾಸು ವಾದಾ ಹೂಡ್ತಾರ.
ನೊರಿ ಇಳೀತೈತಿ, ವಾದಾ ಇಳಿಯೂದಿಲ್ಲ.
ಮಾಲಕ ಶ್ರೀಪಾದ ಗಲಗಲಿ ಬಿಲ್ಲು ಕೇಳಾಕ ನಾಚತಾನ.

ಆ ಮೂರನೇ ಟಾಕಿಗೆ ಒಂದು ಹುಳಿ ಬರ್ತೈತಂತ.
ಕವಳಿಹಣ್ಣು ಕಚ್ಚಿ ಮ್ಯಾಲೆ ಮಜ್ಜಿಗಿ ಕುಡದಂಗ, ಅಂತಾನ ಮೌನೇಶ,
ಅಂದು, ಕಣ್ಣು ಮುಚ್ಚತಾನ.
ಬೆಳಗಾವಿಯಿಂದ ಕಾರು ತಗೊಂಡು ಬರ್ತಾರ ಅದಕ್ಕಂತನಽ.
"ನಮ್ಮ ಧಾರವಾಡದ ಹವಾದಾಗ ಅದ ಅದು," ಅಂತಾನ ಗಲಗಲಿ.

ಹವಾದಾಗ ಇಲ್ಲ.
ಹಿಂದಿನ ರಾತ್ರಿ ಮುಖವಾಡದ ಗಾಜು ಸೀಳಿ
ಕಣ್ಣಿಗೆ ಝಳಾ ಹೊಡದಿತ್ತು.
ಉಸಕು ತುಂಬಿದಂಗ ಕಣ್ಣು. ಆಲೂಗಡ್ಡಿ ಹೋಳು ಕಟಗೊಂಡು ಬೆಳಗು ಮಾಡಿದೆ.
ಬಾಗಲಾಗ ಟ್ರಕ್ಕು ಹಾರ್ನು ಹೊಡೀತಿತ್ತು.
ಒಳಮಗ್ಗಲ ತಳದಾಗ, ಅಂಗೈ ಅಗಲ,
ಬೆಸುಗಿ ಸಕ್ರಿ ಉದುರಿದಂಗ ತರಿತರಿ ಕುಂತಿತ್ತು.
ಬೆರಳಿಗೆ ಹತ್ತಿತು, ಕಣ್ಣಿಗೆ ಕಾಣಲಿಲ್ಲ.
ತಿಕ್ಕಬೇಕಿತ್ತು.
ನಡೀತೈತಿ ಬಿಡು ಅಂದೆ.
ಆ ತರಿಯೊಳಗ ಯಾವವೋ ಸಂಸಾರ ಹೂಡ್ಯಾವು.
ಎಷ್ಟು ಬಿಸಿನೀರು ಹೊಡದ್ರೂ ಮನಿ ಬಿಡವಲ್ಲವು.

ಒಮ್ಮೆ ಗಂಗಾಂಬಿಕಾ ಅಲ್ಲಿಗೆ ಹೋಗಿ, ಅದನ್ನ ಕುಡದು,
ಅಲ್ಲಿಂದನಽ ಫೋನ್ ಮಾಡಿದ್ಲು.
"ದಾವಲಣ್ಣ, ಈ ಟಾಕಿ ಯಾರು ಹೊಲದದ್ದು?"
"ನಾನಽ ತಂಗಿ."
ಬಹಳೊತ್ತು ಏನೂ ಅನ್ನಲಿಲ್ಲ.
ಆಮ್ಯಾಲೆ ನಕ್ಕ ಸಪ್ಪಳ. ಫೋನಿಟ್ಟಳು.

ಹ್ವಾದ ವಾರ ಗಲಗಲಿ ಮುಂಗಡಾ ರೊಕ್ಕಾ ಕಳಿಸ್ಯಾನ.
ಇನ್ನೊಂದು ಬೇಕಂತ,
ಮೂರನೇದ್ದರಂಗಽ, ಅಗದೀ ಹಂಗಽ.
ಹಾಳಿ ಬಂದು ಬಿದ್ದಾವು. ಗಾಜು ಹೊಸಾದು.
ಕಣ್ಣು ನಿಚ್ಚಳ, ಕೈ ನಡಗವೊಲ್ಲದು.
ಚೂರು ಸ್ಟೀಲು ತಗೊಂಡು ಮೂರು ಸರ್ತಿ ಹಚ್ಚಿ ನೋಡಿದೆ,
ಉಗುರು ಎಳದು ನೋಡಿದೆ.
ಮೂರೂ ಸರ್ತಿ ಚೊಕ್ಕ ಬಂತು.