ಎರಡನೇ, ನಾಲ್ಕನೇ ಭಾನುವಾರ

ಆದೇಶ ಏಳು ಪುಟ. ಚಿಕ್ಕಬಳ್ಳಾಪುರದ ಕೋರ್ಟಿನ ಎದುರು
ಜೆರಾಕ್ಸ್ ಅಂಗಡಿಯವನು ಪಿನ್ ಹೊಡೆದು ಕೊಟ್ಟ, ಹದಿನಾಲ್ಕು ರೂಪಾಯಿ.
ಬಸ್ಸಿನಲ್ಲಿ ಓದುತ್ತ ಬಂದೆ. ನಾನು ಅರ್ಜಿದಾರ,
ಅವಳು ಎದುರುದಾರಳು,
ಬುಜ್ಜಿ 'ಅಪ್ರಾಪ್ತ ವಯಸ್ಸಿನ ಕುಮಾರಿ ಪೂರ್ವಿಕ'.
ಇಷ್ಟುದ್ದದ ಹೆಸರು ಹಿಡಿದು ಕರೆದರೆ
ತಿರುಗಿಯೂ ನೋಡುವವಳಲ್ಲ.

ವಕೀಲ ಸೊಣ್ಣಪ್ಪನವರು ಬಿಡಿಸಿ ಹೇಳಿದ್ದರು:
ಮಗು ತಾಯಿಯ ವಶಕ್ಕೆ. ನಿನಗೆ ಭೇಟಿಯ ಹಕ್ಕು,
ಎರಡನೇ, ನಾಲ್ಕನೇ ಭಾನುವಾರ, ಹತ್ತರಿಂದ ಐದು.
ಬೇಸಿಗೆ ರಜೆ ಅರ್ಧರ್ಧ. ಯುಗಾದಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ.
ಇದರಲ್ಲಿ ಗೆಲುವು ಸೋಲು ಇಲ್ಲಪ್ಪ, ಮಗುವಿನ ಹಿತ ಅಷ್ಟೇ.
ಐದನೇ ಭಾನುವಾರ ಬಂದರೆ? ಅಂದೆ.
ಕನ್ನಡಕ ತೆಗೆದು ಒರೆಸಿಕೊಂಡರು.

ಶಿಡ್ಲಘಟ್ಟದಲ್ಲಿ ಹದಿನೆಂಟು ವರ್ಷದಿಂದ ನೂಲು ತೆಗೆಯುತ್ತೇನೆ.
ಜೊತೆಗಾರ ಅಫ್ಸರ್ ಸಮಾಧಾನಕ್ಕೆ ಅಂದ:
ಗೂಡಿನ ಹಾಗೆ ಕಣೋ, ಅಮ್ಮನ ಹತ್ರ ಬೆಚ್ಚಗಿರುತ್ತೆ ಮಗು.
ಬೇಡ ಕಣಪ್ಪ ಆ ಮಾತು.
ಗೂಡನ್ನು ನಾವೇನು ಮಾಡುತ್ತೇವೆಂದು
ನಮ್ಮಿಬ್ಬರ ಬೆಂದ ಬೆರಳಿಗೂ ಗೊತ್ತು.

ನಮ್ಮ ಮೊದಲ ಭಾನುವಾರ ಬಂದದ್ದು ಎರಡನೇ ಭಾನುವಾರ.
ಚಿಂತಾಮಣಿ ಬಸ್ ನಿಲ್ದಾಣ, ಕೋಲಾರದ ಬಸ್ಸು ನಿಲ್ಲುವ ಕಡೆ.
ಅತ್ತೆ ಕರೆತಂದರು. ಇನ್ನು ಅತ್ತೆ ಅನ್ನಬೇಕೋ ಬೇಡವೋ,
ಏಳು ಪುಟದಲ್ಲಿ ಎಲ್ಲೂ ಇಲ್ಲ.

ಬ್ಯಾಗಿನಲ್ಲಿ ಫ್ರಾಕು, ಬಾಚಣಿಗೆ, ಕೆಮ್ಮಿನ ಔಷಧಿ.
ಬಾಟಲಿಯ ಮೇಲೆ ಪೆನ್ನಿನ ಗೆರೆ, ಇಷ್ಟೇ ಕೊಡು ಅಂತ.
ಅವಳು ಎಳೆದ ಗೆರೆ ಯಾವಾಗಲೂ ಸ್ವಲ್ಪ ಓರೆ.
ಡಬ್ಬಿಯಲ್ಲಿ ಚಿತ್ರಾನ್ನ. ಇಬ್ಬರಿಗಾಗುವಷ್ಟಿತ್ತು.
ಅಳತೆ ತಪ್ಪಿತೋ ಏನೋ.

ಊಟವಾದ ಮೇಲೆ ಟಿವಿ ಹಿಂದೆ ಇಟ್ಟಿದ್ದ ಆದೇಶ ಬುಜ್ಜಿಗೆ ಸಿಕ್ಕಿತು.
ಎರಡನೇ ಕ್ಲಾಸು, ಸಿಕ್ಕಿದ್ದೆಲ್ಲ ಓದುವ ಹುಚ್ಚು.
ಬೆರಳಿಟ್ಟು ಕೂಡಿಸಿದಳು: ವ, ಶ, ಕ್ಕೆ.
"ಅಪ್ಪಾ, ವಶಕ್ಕೆ ಅಂದ್ರೆ ಪೊಲೀಸ್ನೋರು ಹಿಡ್ಕೊಳ್ಳೋದು ಅಲ್ವಾ?
ಟಿವೀಲಿ ಹೇಳ್ತಾರೆ, ಮರಳು ಲಾರಿ ವಶಕ್ಕೆ.
ನಾನೇನ್ ಮಾಡ್ದೆ?"

ಬಾ, ಉಗುರು ಕತ್ತರಿಸ್ತೀನಿ ಅಂದೆ.
ಆಗಲೇ ಕತ್ತರಿಸಿತ್ತು, ಹತ್ತೂ.

ಮೂರೂವರೆಗೆ ಡಬ್ಬಿ ತೊಳೆದೆ.
ಬರಿದು ಪಾತ್ರೆ ಹಿಂದಿರುಗಿಸಬಾರದು ಅಂತ ನಮ್ಮಮ್ಮ
ಪಕ್ಕದ ಮನೆಯ ಲೋಟಕ್ಕೂ ಚಿಟಿಕೆ ಸಕ್ಕರೆ ಹಾಕುತ್ತಿದ್ದಳು,
ಜಗಳವಾಡಿದ ದಿನವೂ.
ಒಂದು ಹಿಡಿ ಹಾಕಿ ಮುಚ್ಚಳ ಒತ್ತಿದೆ.

ನಾಲ್ಕನೇ ಭಾನುವಾರ, ಕಿಟಕಿ ಪಕ್ಕ ಕೂತು,
ಕೈವಾರ ಕ್ರಾಸಿನ ಬೋರ್ಡು ಓದುವುದನ್ನೂ ಬಿಟ್ಟು
ವರದಿ ಒಪ್ಪಿಸಿದಳು:
"ನಿನ್ ಸಕ್ಕರೆಗೆ ಇರುವೆ ಬಂತು. ಅಮ್ಮ ನಿನ್ನ ಬೈದ್ಳು.
ಆಮೇಲೆ ಇರುವೆ ಎಲ್ಲ ಆರಿಸಿ
ಕಾಫಿಗೆ ಹಾಕ್ಕೊಂಡ್ಳು.
ಹನ್ನೊಂದಿದ್ವು. ನಾನೇ ಎಣಿಸ್ದೆ."